ಸಂಜ್ಞೆ ಬಾರದ ಕಿವುಡರಿಗೆ ಬೇಕಿರುವುದು ಕನ್ನಡದ ಅಕ್ಷರ

ಸರ್ಕಾರಿ ಸಮಾರಂಭದ ವೇದಿಕೆಯ ಮೂಲೆಯಲ್ಲಿ, ಟಿ.ವಿ. ಪರದೆಯ ಪುಟ್ಟ ಚೌಕದಲ್ಲಿ ಸಂಜ್ಞಾ ಭಾಷೆಯ ದುಭಾಷಿಯೊಬ್ಬರು ಕಾಣಿಸಿಕೊಳ್ಳುವುದು ಈಗ ಮೊದಲಿನಷ್ಟು ಅಪರೂಪವಲ್ಲ. ಆ ಜಾಗವನ್ನು ಯಾರೂ ದಾನ ಕೊಡಲಿಲ್ಲ. ಕಿವುಡ ಸಮುದಾಯ ದಶಕಗಳ ಕಾಲ ಕೇಳಿ, ಹೋರಾಡಿ ಪಡೆದುಕೊಂಡಿತು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟ್‌ ಕಲಾಪದಲ್ಲಿ ಪಾಲ್ಗೊಂಡರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅವರ ವಾದವನ್ನು ಅದೇ ರೀತಿಯಲ್ಲಿ ಆಲಿಸಿತು. ಈ ಗಳಿಕೆಯಲ್ಲಿ ಒಂದಿಂಚೂ ಕಡಿಮೆಯಾಗಬಾರದು. ನನ್ನ ತಕರಾರು ಬೇರೆ. ದುಭಾಷಿ ಬಂದು ನಿಂತ ಕೂಡಲೇ ‘ಕಿವುಡರಿಗೆ ವ್ಯವಸ್ಥೆ ಆಯಿತು’ ಎಂದು ಕಡತ ಮುಚ್ಚುತ್ತಾರಲ್ಲ, ಆಗ ಬಹುದೊಡ್ಡ ಗುಂಪೊಂದು ಬಾಗಿಲಾಚೆಯೇ ಉಳಿದುಬಿಡುತ್ತದೆ.

ಯಾರು ಇವರು? ವಯಸ್ಸಾದಂತೆ ಕಿವಿ ಮಂದವಾದವರು. ಮಿದುಳು ಪೊರೆಯ ಉರಿಯೂತದಿಂದಲೋ ಕ್ಷಯಕ್ಕೆ ಕೊಟ್ಟ ಚುಚ್ಚುಮದ್ದಿನ ಅಡ್ಡಪರಿಣಾಮದಿಂದಲೋ ನಡುವಯಸ್ಸಿನಲ್ಲಿ ಕೇಳುವ ಶಕ್ತಿ ಕಳೆದುಕೊಂಡವರು. ವಿದ್ಯುತ್ ಮಗ್ಗಗಳ ನಡುವೆ, ಕಲ್ಲು ಒಡೆಯುವ ಕ್ರಷರ್‌ಗಳ ಪಕ್ಕದಲ್ಲಿ ಆಯುಷ್ಯ ಸವೆಸಿದವರು. ಹುಟ್ಟಿನಿಂದಲೇ ಕಿವುಡಾಗಿದ್ದು, ಶ್ರವಣ ಸಾಧನ ಅಥವಾ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡು ಮಾತನಾಡಲು ಕಲಿತ ಮಕ್ಕಳೂ ಇದೇ ಗುಂಪಿನಲ್ಲಿದ್ದಾರೆ. ಇವರಲ್ಲಿ ಹೆಚ್ಚಿನವರು ಕನ್ನಡದಲ್ಲಿ ಯೋಚಿಸುತ್ತಾರೆ, ಕನ್ನಡದಲ್ಲಿ ಮಾತನಾಡುತ್ತಾರೆ, ಕನ್ನಡ ಓದುತ್ತಾರೆ. ಎದುರಿನವರು ಆಡಿದ ಮಾತು ಮಾತ್ರ ಇವರನ್ನು ತಲುಪುವುದಿಲ್ಲ. ಸಂಜ್ಞಾ ಭಾಷೆ ಇವರಿಗೆ ಬಾರದು. ಐವತ್ತೈದನೆಯ ವಯಸ್ಸಿನಲ್ಲಿ ಕಷ್ಟಪಟ್ಟು ಕಲಿತರೂ ಹೆಂಡತಿಗೆ, ಮೊಮ್ಮಕ್ಕಳಿಗೆ, ಕಿರಾಣಿ ಅಂಗಡಿಯವನಿಗೆ ಅದು ಬರಬೇಕಲ್ಲ!

ಇವರ ಸಂಖ್ಯೆ ಎಷ್ಟೆಂದು ನಮ್ಮ ಲೆಕ್ಕಪುಸ್ತಕಗಳು ಸರಿಯಾಗಿ ಹೇಳುವುದಿಲ್ಲ. 2011ರ ಜನಗಣತಿಯಲ್ಲಿ ದೇಶದ ಸುಮಾರು 2.68 ಕೋಟಿ ಅಂಗವಿಕಲರ ಪೈಕಿ ಸುಮಾರು 50.7 ಲಕ್ಷ ಜನರಿಗೆ ಶ್ರವಣದೋಷವಿದೆ ಎಂದು ದಾಖಲಾಯಿತು. ಆದರೆ ಗಣತಿದಾರರು ಮನೆಗೆ ಬಂದಾಗ ‘ನಮ್ಮ ಅಜ್ಜನಿಗೆ ಸ್ವಲ್ಪ ಕಿವಿ ಮಂದ, ವಯಸ್ಸಾಯಿತಲ್ಲ’ ಎನ್ನುವ ಮನೆಯವರು ಅದನ್ನು ಅಂಗವೈಕಲ್ಯವೆಂದು ಬರೆಸುವುದಿಲ್ಲ. ಕಾನೂನಿನ ಗೆರೆಯೂ ಬಿಗಿಯಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಮಾತಿನ ಧ್ವನಿಯ ವ್ಯಾಪ್ತಿಯಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್‌ನಷ್ಟು ದೋಷವಿದ್ದರೆ ‘ಕಿವುಡು’, 60ರಿಂದ 70 ಡೆಸಿಬೆಲ್ ಇದ್ದರೆ ‘ಮಂದ ಶ್ರವಣ’. 50 ಡೆಸಿಬೆಲ್ ದೋಷವಿರುವವರು ಬಸ್ ನಿಲ್ದಾಣದ ಗದ್ದಲದಲ್ಲಿ ಪಕ್ಕದವರ ಮಾತನ್ನೂ ಹಿಡಿಯಲಾರರು, ಆದರೆ ಯಾವ ಪ್ರಮಾಣಪತ್ರವೂ ಅವರಿಗಿಲ್ಲ. ಅರವತ್ತು ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಊರಿನ ಹಿರಿಯರನ್ನು ಒಮ್ಮೆ ಮನಸ್ಸಿನಲ್ಲಿ ಎಣಿಸಿದರೆ ಆ ಅಂದಾಜು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರನ್ನು ನಾನು ಬಲ್ಲೆ. ವೃತ್ತಿಜೀವನದುದ್ದಕ್ಕೂ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಈಗ ಎರಡೂ ಕಿವಿ ಬಹುತೇಕ ಹೋಗಿವೆ. ಪಿಂಚಣಿಗಾಗಿ ಜೀವಿತ ಪ್ರಮಾಣಪತ್ರ ಕೊಡಲು ಅವರು ಬ್ಯಾಂಕಿಗೆ ಹೋಗಿದ್ದಾಗ ನಾನೂ ಜೊತೆಗಿದ್ದೆ. ಗಾಜಿನ ಆಚೆ ಕುಳಿತಿದ್ದ ಸಿಬ್ಬಂದಿ ಕಂಪ್ಯೂಟರ್ ನೋಡುತ್ತಲೇ ಏನೋ ಕೇಳಿದರು. ಮೇಷ್ಟ್ರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಮೊದಲ ಪುಟದಲ್ಲಿ ದುಂಡಗೆ ಬರೆದಿಟ್ಟುಕೊಂಡಿದ್ದ ‘ನನಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ಬರೆದು ತಿಳಿಸಿ’ ಎಂಬ ಸಾಲನ್ನು ತೋರಿಸಿ, ಪೆನ್ನನ್ನೂ ಮುಂದಿಟ್ಟರು. ಆ ವ್ಯಕ್ತಿ ಪೆನ್ನು ಮುಟ್ಟಲಿಲ್ಲ. ಧ್ವನಿ ಎತ್ತರಿಸಿ, ‘ಆಧಾರ್ ತಂದಿದ್ದೀರಾ ಅಂತ ಕೇಳಿದೆ’ ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, ‘ಮುಂದಿನ ಸಲ ಮನೆಯವರನ್ನೇ ಕಳಿಸಿಬಿಡಿ’ ಎಂದರು. ಮೇಷ್ಟ್ರ ಕೈಯಲ್ಲಿ ಆಧಾರ್ ಇತ್ತು, ಎಲ್ಲ ಕಾಗದಗಳೂ ಇದ್ದವು. ನಾಲ್ಕು ಪದ ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು. ಬದಲಿಗೆ ಅವರು ಸ್ವಂತ ಖಾತೆಯ ವ್ಯವಹಾರಕ್ಕೆ ಇನ್ನೊಬ್ಬರ ಬೆನ್ನ ಹಿಂದೆ ನಿಲ್ಲಬೇಕಾಯಿತು.

ಕೂಗಿದರೆ ಕೇಳಿಸುತ್ತದೆ ಎನ್ನುವುದು ಈ ವಿಷಯದಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರೂರಿದ ತಪ್ಪು ತಿಳಿವಳಿಕೆ. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದು. ಸ, ಶ, ಚ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಉಳಿದಿರುತ್ತವೆ. ಹಾಗಾಗಿ ಯಾರೋ ಮಾತನಾಡುತ್ತಿರುವುದು ಗೊತ್ತಾಗುತ್ತದೆ, ಏನು ಹೇಳಿದರೆಂಬುದು ಗೊತ್ತಾಗುವುದಿಲ್ಲ. ‘ಕೇಳಿಸುತ್ತದೆ, ಅರ್ಥವಾಗುವುದಿಲ್ಲ’ ಎಂದು ಹಿರಿಯರು ಹೇಳುವ ಮಾತಿನಲ್ಲಿ ವೈದ್ಯಕೀಯ ಸತ್ಯವೇ ಇದೆ. ಮನೆಯವರು ಅದನ್ನು ‘ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎಂದು ಕೊಂಕಾಗಿ ತಿರುಚುತ್ತಾರೆ. ಕೂಗಿದಾಗ ಹೆಚ್ಚುವುದು ಆ ಸ್ವರಗಳ ಸದ್ದೇ. ಮೇಲಾಗಿ ಕೂಗುವವರ ಬಾಯಿಯ ಆಕಾರ ಕೆಡುವುದರಿಂದ ತುಟಿ ನೋಡಿ ಊಹಿಸುವ ದಾರಿಯೂ ಮುಚ್ಚುತ್ತದೆ.

ತುಟಿ ಓದುವುದರ ಮೇಲೂ ನಾವು ಅತಿಯಾದ ಭರವಸೆ ಇಟ್ಟಿದ್ದೇವೆ. ಕನ್ನಡದಲ್ಲಿ ಇದನ್ನು ಕನ್ನಡಿಯ ಮುಂದೆ ನಿಂತು ಯಾರು ಬೇಕಾದರೂ ಪರೀಕ್ಷಿಸಬಹುದು. ಧ್ವನಿ ಹೊರಡಿಸದೆ ‘ಮರ’, ‘ಬರ’, ‘ಪರ’ ಎನ್ನಿ. ಮೂರಕ್ಕೂ ತುಟಿಗಳು ಒಂದೇ ರೀತಿ ಮುಚ್ಚಿ ಒಂದೇ ರೀತಿ ತೆರೆಯುತ್ತವೆ. ‘ಮಳೆ’ ಮತ್ತು ‘ಬಳೆ’ ಕಣ್ಣಿಗೆ ಒಂದೇ. ಕ, ಗ, ಹ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಗಂಟಲಲ್ಲಿ. ಆದ್ದರಿಂದ ವೈದ್ಯರು ‘ಕಲ್ಲು’ ಎಂದರೋ ‘ಹಲ್ಲು’ ಎಂದರೋ ತುಟಿಯಿಂದ ತಿಳಿಯುವುದಿಲ್ಲ. ‘ಬಂದನು’, ‘ಬಂದಳು’ ಎಂಬಲ್ಲಿ ವ್ಯತ್ಯಾಸ ಇರುವುದು ನಾಲಿಗೆಯ ತುದಿಯ ಚಲನೆಯಲ್ಲಿ, ಅದು ಹಲ್ಲಿನ ಹಿಂದೆ ಮರೆಯಾಗಿರುತ್ತದೆ. ಇನ್ನು ‘ಬೇಕು’, ‘ಬೇಡ’ ಎರಡೂ ಒಂದೇ ರೀತಿ ಶುರುವಾಗುತ್ತವೆ. ನಮ್ಮ ಭಾಷೆಯಲ್ಲಿ ಆಗುತ್ತದೆಯೋ ಆಗುವುದಿಲ್ಲವೋ ಎಂಬುದು ವಾಕ್ಯದ ಕಟ್ಟಕಡೆಗೆ ಬರುತ್ತದೆ, ಆಡುಮಾತಿನಲ್ಲಿ ನಾವು ನುಂಗಿಬಿಡುವುದೂ ಆ ಕೊನೆಯನ್ನೇ. ‘ಈ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಡಿ’ ಎಂಬ ಸೂಚನೆಯಲ್ಲಿ ಕೊನೆಯ ಎರಡಕ್ಷರ ತಪ್ಪಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ತುಟಿ ಓದುವುದರಲ್ಲಿ ಪಳಗಿದವರು ಉಳಿದದ್ದನ್ನು ಸಂದರ್ಭದಿಂದ ತುಂಬಿಕೊಳ್ಳುತ್ತಾರೆ, ಸರಿ. ಆದರೆ ಅದು ಇಡೀ ದಿನದ ಮಾನಸಿಕ ದುಡಿಮೆ. ಒಂದು ಗಂಟೆಯ ಸಭೆ ಮುಗಿಯುವಷ್ಟರಲ್ಲಿ ತಲೆ ಸಿಡಿಯುತ್ತದೆ. ಮಾತನಾಡುವವರು ಬೆಳಕಿಗೆ ಬೆನ್ನು ಮಾಡಿದರೆ, ದಟ್ಟ ಮೀಸೆ ಬಿಟ್ಟಿದ್ದರೆ, ಬೋರ್ಡಿನ ಕಡೆ ತಿರುಗಿದರೆ ಅಲ್ಲಿಗೆ ಮುಗಿಯಿತು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಮಾಸ್ಕ್ ಬಂದಾಗ, ತಮಗೆ ಇಷ್ಟು ದಿನ ಎಷ್ಟು ಕೇಳಿಸುತ್ತಿತ್ತು, ಎಷ್ಟು ಕಾಣಿಸುತ್ತಿತ್ತು ಎಂಬುದು ಹಲವರಿಗೆ ಮೊದಲ ಬಾರಿಗೆ ಗೊತ್ತಾಯಿತು.

ಶ್ರವಣ ಸಾಧನದ ಮಿತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ದೇಶಕ್ಕೇ ಶ್ರವಣ ತಜ್ಞರನ್ನು ತಯಾರು ಮಾಡಿ ಕೊಡುತ್ತಿದೆ. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರು ಮಕ್ಕಳ ಪಕ್ಕದಲ್ಲೇ ಕುಳಿತು ಮಾತು ಕಲಿಸಲು ತರಬೇತಿ ಪಡೆಯುತ್ತಾರೆ. ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ನೆರವು ಸಿಗುತ್ತದೆ. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಸಾಧನ ಹಾಕಿದ ಮಾತ್ರಕ್ಕೆ ಆ ಮಗು ತರಗತಿಯಲ್ಲಿ ಎಲ್ಲರಂತೆ ಕೇಳಿಸಿಕೊಳ್ಳುತ್ತದೆ ಎಂದು ಶಾಲೆಯವರು ಭಾವಿಸುವುದು ತಪ್ಪು. ಒಂದೆರಡು ಮೀಟರ್ ದೂರದ ಮಾತಿಗೆ ಸಾಧನ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರತಿಧ್ವನಿಸುವ ಕೊಠಡಿ, ತಲೆಯ ಮೇಲೆ ತಿರುಗುವ ಫ್ಯಾನ್, ಐವತ್ತು ಮಕ್ಕಳ ಪಿಸುಮಾತು ಸೇರಿದರೆ ಅದು ಎಲ್ಲ ಸದ್ದನ್ನೂ ಒಟ್ಟಿಗೆ ಹಿಗ್ಗಿಸಿ ಕಿವಿಗೆ ತುಂಬುತ್ತದೆ.

ಇದಕ್ಕೆ ಹಳೆಯ, ಸರಳ ಪರಿಹಾರವೊಂದಿದೆ: ಇಂಡಕ್ಷನ್ ಲೂಪ್. ಸಭಾಂಗಣದ ಸುತ್ತ ಅಥವಾ ಕೌಂಟರಿನ ಕೆಳಗೆ ತಂತಿಯೊಂದನ್ನು ಎಳೆದು, ಮೈಕಿನ ಧ್ವನಿಯನ್ನು ಅದರ ಮೂಲಕ ಹರಿಸುತ್ತಾರೆ. ಅದರಿಂದ ಉಂಟಾಗುವ ಕಾಂತಕ್ಷೇತ್ರವನ್ನು ಶ್ರವಣ ಸಾಧನದೊಳಗಿನ ಟೆಲಿಕಾಯಿಲ್ ಎಂಬ ಪುಟ್ಟ ತಂತಿಸುರುಳಿ ಹಿಡಿದುಕೊಳ್ಳುತ್ತದೆ. ಸುತ್ತಲಿನ ಗದ್ದಲ ಪಕ್ಕಕ್ಕೆ ಸರಿದು ಮೈಕಿನ ಮಾತು ಮಾತ್ರ ನೇರವಾಗಿ ಕಿವಿಗೆ ಬರುತ್ತದೆ. ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಪ್ರವೇಶಾವಕಾಶ ಮಾರ್ಗಸೂಚಿಯಲ್ಲಿ ಇಂಥ ವ್ಯವಸ್ಥೆಯ ಪ್ರಸ್ತಾಪವಿದೆ. ನಮ್ಮ ಎಷ್ಟು ಜಿಲ್ಲಾ ಪಂಚಾಯಿತಿ ಸಭಾಂಗಣಗಳಲ್ಲಿ ಅದು ಕಾಣುತ್ತದೆ? ರ‍್ಯಾಂಪ್ ಕಟ್ಟಿದರೆ ಫೋಟೊಗೆ ಸಿಗುತ್ತದೆ, ನೆಲದಡಿಯ ತಂತಿ ಸಿಗುವುದಿಲ್ಲ.

ಕಾನೂನಿನ ಕೊರತೆ ಇಲ್ಲ ಎನ್ನುವುದೇ ನೋವಿನ ಸಂಗತಿ. 2016ರ ಕಾಯ್ದೆ ‘ಸಂವಹನ’ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಸಂಜ್ಞಾ ಭಾಷೆಯ ಜೊತೆಗೇ ಪಠ್ಯ ಪ್ರದರ್ಶನ, ಬರಹ, ದೃಶ್ಯ ಫಲಕ, ಸರಳ ಭಾಷೆ ಎಲ್ಲವೂ ಇವೆ. 12ನೇ ಸೆಕ್ಷನ್ ನ್ಯಾಯಾಲಯದಲ್ಲಿ ಅಂಗವಿಕಲರು ತಾವು ಬಯಸುವ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಸಾಕ್ಷ್ಯ ನುಡಿಯಲು ಬೇಕಾದ ಸೌಲಭ್ಯ ಒದಗಿಸಬೇಕೆನ್ನುತ್ತದೆ. 42ನೇ ಸೆಕ್ಷನ್ ದೃಶ್ಯ ಮಾಧ್ಯಮದಲ್ಲಿ ಸಂಜ್ಞಾ ಭಾಷಾ ವಿವರಣೆಯೂ ಅಡಿಬರಹವೂ ಇರಬೇಕೆನ್ನುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಟ್ಟಡ, ಸೇವೆಗಳು ಅಂಗವಿಕಲರಿಗೂ ಎಟಕಬೇಕೆನ್ನುವ ಪ್ರವೇಶಾವಕಾಶದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ, ಆ ಕಾಯ್ದೆಯಡಿ ರೂಪಿಸಿದ ನಿಯಮಾವಳಿಯ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಅದೇ ಕೋರ್ಟ್ ಕೊಟ್ಟ ತೀರ್ಪು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಂದಿಗೆ ಜೋಡಿಸಿತು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಬ್ಯಾಂಕಿನ ಕೌಂಟರಿನಲ್ಲಿ ಪೆನ್ನು ಮುಟ್ಟುವವರಿಲ್ಲ.

ಹಾಗಾದರೆ ಏನು ಬೇಕು? ಆಡಿದ ಮಾತು ಆಗಿಂದಾಗಲೇ ಕನ್ನಡ ಅಕ್ಷರವಾಗಿ ಕಣ್ಣಿಗೆ ಕಾಣಬೇಕು. ಇದರ ಒಂದು ಭಾಗ ಈಗಾಗಲೇ ನಮ್ಮ ಜೇಬಿನಲ್ಲಿದೆ. ಗೂಗಲ್ 2019ರಲ್ಲಿ ಹೊರತಂದ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಉಚಿತ ಆ್ಯಪ್ ಕನ್ನಡವನ್ನೂ ಗುರುತಿಸುತ್ತದೆ. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಡಿಮಿಟ್ರಿ ಕನೆವ್‌ಸ್ಕಿ ಸ್ವತಃ ಬಾಲ್ಯದಿಂದಲೂ ಕಿವುಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಪ್ರಾದೇಶಿಕ ಆಡುನುಡಿಗಳನ್ನು ಕೃಷಿ ಮತ್ತು ಹಣಕಾಸಿನ ವಿಷಯಗಳಲ್ಲಿ ಸಂಗ್ರಹಿಸಿತು. ಕಲಬುರಗಿಯ ಮಾತು ಮಂಡ್ಯದ ಮಾತಿನಂತಿಲ್ಲ ಎಂಬುದನ್ನು ಯಂತ್ರಕ್ಕೆ ಕಲಿಸದಿದ್ದರೆ ಈ ತಂತ್ರಜ್ಞಾನ ಬೆಂಗಳೂರು ದಾಟುವುದಿಲ್ಲ, ಹಾಗಾಗಿ ಆ ಕೆಲಸವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ.

ಆದರೂ ಯಂತ್ರವೇ ಸಾಕು ಎನ್ನುವ ಹಂತಕ್ಕೆ ನಾವು ಬಂದಿಲ್ಲ. ಊರಿನ ಹೆಸರು, ಔಷಧಿಯ ಹೆಸರು, ಹಣದ ಮೊತ್ತ ಬಂದ ಕಡೆ ಅದು ತಡವರಿಸುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡು ಮಾತೂ ಕಲಸಿಹೋಗುತ್ತವೆ. ಮೇಷ್ಟ್ರ ಮೊಬೈಲಿನಲ್ಲಿ ಇದನ್ನು ಹಾಕಿಕೊಟ್ಟಾಗ ಇನ್ನೊಂದು ತೊಡಕು ಕಂಡಿತು. ಅವರ ಕಣ್ಣಿಗೆ ಹಿತವಾಗುವಷ್ಟು ಅಕ್ಷರವನ್ನು ದೊಡ್ಡದು ಮಾಡಿದರೆ ‘ತೆಗೆದುಕೊಳ್ಳಬೇಕಾಗುತ್ತದೆ’ ಎಂಬ ಒಂದೇ ಪದ ಪರದೆಯ ಇಡೀ ಸಾಲನ್ನು ನುಂಗುತ್ತದೆ. ಯಂತ್ರ ಮೊದಲು ಒಂದು ಊಹೆ ಬರೆದು, ಮುಂದಿನ ಪದ ಕೇಳಿದ ಮೇಲೆ ಹಿಂದಿನದನ್ನು ಅಳಿಸಿ ತಿದ್ದುತ್ತದೆ. ವಾಕ್ಯ ನಿಲ್ಲುವ ತನಕ ಕ್ರಿಯಾಪದವನ್ನು ನಂಬುವ ಹಾಗಿಲ್ಲ. ಅವರಿಗೀಗ ಇದು ಅಭ್ಯಾಸವಾಗಿದೆ. ಮೊಮ್ಮಗಳು ಕಾಲೇಜಿನಿಂದ ಬಂದು ಹೇಳುವ ಕಥೆಗಳನ್ನು ಅವರು ಓದಿ, ಬಾಯಿ ತುಂಬ ಉತ್ತರ ಕೊಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಮಾತ್ರ ಪೆನ್ನು ಪುಸ್ತಕ ಬಿಡುವುದಿಲ್ಲ.

ನ್ಯಾಯಾಲಯ, ಆಸ್ಪತ್ರೆ, ಸಂದರ್ಶನ, ತರಗತಿಗಳಂಥ ತಪ್ಪಿಗೆ ಬೆಲೆ ತೆರಬೇಕಾದ ಕಡೆಗಳಲ್ಲಿ ಮನುಷ್ಯರೇ ಬೇಕು. ಫಿನ್ಲೆಂಡ್ ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿತು. ಅಲ್ಲಿ ‘ಬರಹದ ದುಭಾಷಿ’ ಎಂಬ ವೃತ್ತಿಯೇ ಇದೆ. ತರಬೇತಿ ಪಡೆದವರು ಪಕ್ಕದಲ್ಲಿ ಕುಳಿತು, ಸಾಮಾನ್ಯ ಕೀಲಿಮಣೆಯಲ್ಲೇ ಮಾತನ್ನು ಅಕ್ಷರಕ್ಕಿಳಿಸುತ್ತಾರೆ, ಕಿವಿ ಕೇಳದವರು ಪರದೆಯಲ್ಲಿ ಓದುತ್ತಾರೆ. 2010ರಿಂದ ಕೇಲಾ ಎಂಬ ಸರ್ಕಾರಿ ಸಾಮಾಜಿಕ ಭದ್ರತಾ ಸಂಸ್ಥೆ ಇದರ ಹೊಣೆ ಹೊತ್ತಿದೆ. ಶ್ರವಣದೋಷವಿರುವವರಿಗೆ ವರ್ಷಕ್ಕೆ ಕನಿಷ್ಠ 180 ಗಂಟೆಗಳ ದುಭಾಷಿ ಸೇವೆ ಕಾನೂನಿನ ಹಕ್ಕು. ಅದು ಸಂಜ್ಞಾ ಭಾಷೆಯಲ್ಲಿರಬಹುದು, ಬರಹದಲ್ಲಿರಬಹುದು. ಎರಡನ್ನೂ ಒಂದೇ ಕಾನೂನಿನಡಿ, ಸಮಾನ ಗೌರವದಿಂದ ಇಟ್ಟಿರುವುದು ನನಗೆ ಅಲ್ಲಿ ತುಂಬ ಹಿಡಿಸಿದ ಅಂಶ.

ಕನ್ನಡದಲ್ಲಿ ಇಂಥವರನ್ನು ಎಲ್ಲಿಂದ ತರುವುದು ಎಂದು ಕೇಳುವವರು ವಿಧಾನಸೌಧದ ಒಳಗೆ ನೋಡಬೇಕು. ಸದನದಲ್ಲಿ ಆಡಿದ ಮಾತುಗಳನ್ನು ಅಕ್ಷರಕ್ಕಿಳಿಸುವ ವರದಿಗಾರರ ಪರಂಪರೆ ಅಲ್ಲಿ ದಶಕಗಳಿಂದ ನಡೆದುಬಂದಿದೆ. ಕನ್ನಡ ಶೀಘ್ರಲಿಪಿ ಮತ್ತು ಬೆರಳಚ್ಚಿನ ಪರೀಕ್ಷೆಗಳನ್ನು ರಾಜ್ಯವೇ ನಡೆಸುತ್ತದೆ. ಊರೂರಿನ ವಾಣಿಜ್ಯ ಶಿಕ್ಷಣ ಸಂಸ್ಥೆಗಳಲ್ಲಿ ಕಲಿತ ಯುವಕ ಯುವತಿಯರು ಪ್ರಮಾಣಪತ್ರ ಹಿಡಿದು ಕೆಲಸಕ್ಕಾಗಿ ಅಲೆಯುತ್ತಿದ್ದಾರೆ. ಮಾತು ಕೇಳಿ ಕೈ ಓಡಿಸುವ ಕೌಶಲ ಅವರಲ್ಲಿದೆ. ಅದನ್ನು ದಾಖಲೆಯ ಕೋಣೆಯಿಂದ ಎತ್ತಿ ಕಿವಿ ಕೇಳದ ಮನುಷ್ಯನ ಕಣ್ಣ ಮುಂದೆ ತರಬೇಕು. ಒಬ್ಬರ ಕೈ ಸೋತಾಗ ಇನ್ನೊಬ್ಬರು ಮುಂದುವರಿಸಲು ಇಬ್ಬರು, ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್. ಪ್ರತಿ ಜಿಲ್ಲೆಗೆ ಇಂಥ ಒಂದು ತಂಡವಿದ್ದರೂ ಜಿಲ್ಲಾಧಿಕಾರಿಗಳ ಜನಸ್ಪಂದನ ಸಭೆ, ಗ್ರಾಹಕರ ಆಯೋಗದ ವಿಚಾರಣೆ, ಸಂದರ್ಶನಗಳಿಗೆ ಶುರು ಮಾಡಬಹುದು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪವನ್ನು ಪರದೆಯ ಮೇಲೆ ನೇರ ಬರಹವಾಗಿ ತೋರಿಸುವ ಪ್ರಯೋಗ ಆರಂಭವಾದಾಗ ಅದರ ತಾಂತ್ರಿಕ ಕೆಲಸ ಮಾಡಿದ್ದು ಬೆಂಗಳೂರಿನ ಕಂಪನಿ. ಇಂಗ್ಲಿಷಿನಲ್ಲಿ, ದಾಖಲೆಗಾಗಿ ಅಂದು ಮಾಡಿದ್ದನ್ನು ಕನ್ನಡದಲ್ಲಿ, ಕಿವಿ ಕೇಳದ ಕಕ್ಷಿದಾರನಿಗಾಗಿ ಮಾಡಲು ಮನಸ್ಸು ಬೇಕು.

ಟಿ.ವಿ. ಮತ್ತು ಸಿನಿಮಾದ ಸ್ಥಿತಿ ನಿರಾಶಾದಾಯಕ. ಕನ್ನಡ ಚಿತ್ರಕ್ಕೆ ಅಡಿಬರಹ ಇದ್ದರೂ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಬಾರದವರಿಗಾಗಿ. ಕನ್ನಡ ಬಲ್ಲ ಕಿವುಡರನ್ನು ಪ್ರೇಕ್ಷಕರೆಂದೇ ಎಣಿಸಿಲ್ಲ. 2019ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೊರಡಿಸಿದ ಮಾನದಂಡಗಳು ಅಡಿಬರಹ ಅಥವಾ ಸಂಜ್ಞಾ ಭಾಷೆ ಎಂಬ ಆಯ್ಕೆಯನ್ನು ವಾಹಿನಿಗಳಿಗೇ ಬಿಟ್ಟವು. 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗೂ ಮಾರ್ಗಸೂಚಿ ಬಂತು. ಅದೇ ಭಾಷೆಯ ಅಡಿಬರಹ ಹಾಕುವುದು ನಮಗೆ ಹೊಸದೇನಲ್ಲ. ಅಹಮದಾಬಾದಿನಲ್ಲಿ ಬ್ರಿಜ್ ಕೊಠಾರಿ 1990ರ ದಶಕದಲ್ಲಿ ಆರಂಭಿಸಿದ ಪ್ರಯತ್ನದಿಂದ ದೂರದರ್ಶನದ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಹಿತ್ಯ ಪರದೆಯಲ್ಲಿ ಮೂಡುತ್ತಿತ್ತು. ಓದು ಮರೆಯುತ್ತಿರುವವರಿಗೆ ಅಭ್ಯಾಸವಾಗಲಿ ಎಂಬುದು ಅದರ ಮೂಲ ಉದ್ದೇಶ. ಒಂದು ಸಾಲು ಕನ್ನಡ ಪರದೆಯಲ್ಲಿ ಓಡಿದರೆ ಅಕ್ಷರ ಕಲಿಯುವ ಅಜ್ಜಿಗೂ ಕಿವಿ ಕೇಳದ ಅಜ್ಜನಿಗೂ ಉಪಯೋಗ.

ಅಕ್ಷರ ಎಲ್ಲರಿಗೂ ಪರಿಹಾರವಲ್ಲ ಎಂಬುದನ್ನು ಒಪ್ಪಲೇಬೇಕು. ಓದು ಬಾರದ, ಕಿವಿಯೂ ಕೇಳದ ಹಿರಿಯರು ಹಳ್ಳಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಸರಿಯಾಗಿ ಹೊಂದಿಸಿದ ಶ್ರವಣ ಸಾಧನ, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಆಡುವ ಮಾತು, ಮಾತ್ರೆಯ ಪೊಟ್ಟಣದ ಮೇಲೆ ಸೂರ್ಯ ಚಂದ್ರರ ಚಿತ್ರ ಬೇಕು. ಆಶಾ ಕಾರ್ಯಕರ್ತೆಯರಿಗೆ ಇದರ ತರಬೇತಿ ಕೊಟ್ಟರೆ ಅದೇ ದೊಡ್ಡ ಸಹಾಯ.

ಸಂಜ್ಞಾ ಭಾಷಿಕರಲ್ಲಿ ಕೆಲವರಿಗೆ ಈ ಬೇಡಿಕೆಯ ಬಗ್ಗೆ ಅನುಮಾನವಿದೆ. ಅದಕ್ಕೆ ಕಾರಣವೂ ಇದೆ. ಕಿವುಡರ ಶಿಕ್ಷಣ ಕುರಿತು 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಮ್ಮೇಳನ ಸಂಜ್ಞೆಯನ್ನು ಬದಿಗೊತ್ತಿ ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿದ ಮೇಲೆ ತಲೆಮಾರುಗಳ ಕಾಲ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿಹಾಕಲಾಯಿತು. ‘ಬರೆದು ತೋರಿಸಿದರೆ ಸಾಕಲ್ಲ, ದುಭಾಷಿ ಯಾಕೆ?’ ಎಂದು ಅಧಿಕಾರಿಗಳು ಜಾರಿಕೊಳ್ಳುವ ಅಪಾಯ ನಿಜವಾದದ್ದು. ಸಂಜ್ಞೆಯೇ ಮೊದಲ ಭಾಷೆಯಾದವರಿಗೆ ಬರಹದ ಕನ್ನಡ ಎರಡನೆಯ ಭಾಷೆ. ಅವರಿಗೆ ಪಠ್ಯ ಕೊಟ್ಟು ದುಭಾಷಿಯನ್ನು ತಪ್ಪಿಸುವುದು ಅನ್ಯಾಯ. ದುಭಾಷಿಯನ್ನು ಕೊಟ್ಟು ಪಠ್ಯ ತಪ್ಪಿಸುವುದೂ ಅಷ್ಟೇ ಅನ್ಯಾಯ. ಒಂದೇ ಅನುದಾನಕ್ಕೆ ಇಬ್ಬರನ್ನೂ ಜಗಳಕ್ಕೆ ಹಚ್ಚುವ ಬಜೆಟ್ ಬರೆಯಬಾರದು.

ತಕ್ಷಣಕ್ಕೆ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಲ್ಲಿ ವೈಕಲ್ಯದ ಬಗೆ ಇದೆ, ಶೇಕಡಾವಾರು ಪ್ರಮಾಣ ಇದೆ. ಆ ವ್ಯಕ್ತಿಯೊಂದಿಗೆ ಹೇಗೆ ಸಂವಹನ ಮಾಡಬೇಕು ಎಂಬ ಅಂಕಣವಿಲ್ಲ. ಸಂಜ್ಞಾ ಭಾಷೆ, ಕನ್ನಡ ಬರಹ, ತುಟಿ ಓದು, ಶ್ರವಣ ಸಾಧನದೊಂದಿಗೆ ಮಾತು ಎಂಬ ನಾಲ್ಕು ಚೌಕಗಳನ್ನು ಸೇರಿಸಿ, ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಅವಕಾಶ ಕೊಡಬೇಕು. ಅದೇ ನಾಲ್ಕು ಚೌಕಗಳು ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲೂ ಬ್ಯಾಂಕ್ ಖಾತೆಯ ವಿವರದಲ್ಲೂ ಬರಬೇಕು. ‘ಕನ್ನಡ ಬರಹ’ ಎಂದು ಗುರುತಿರುವವರ ಸರದಿ ಬಂದಾಗ ಹೆಸರು ಕೂಗುವ ಬದಲು ಟೋಕನ್ ಸಂಖ್ಯೆ ಫಲಕದಲ್ಲಿ ಮೂಡಬೇಕು, ವೈದ್ಯರ ಸಲಹೆ ಕಾಗದದ ಮೇಲೆ ಸಿಗಬೇಕು, ಬ್ಯಾಂಕಿನಿಂದ ಕರೆಯ ಬದಲು ಸಂದೇಶ ಹೋಗಬೇಕು. ಗುರುತಿನ ಚೀಟಿ ಕೇಂದ್ರದ್ದಾದ್ದರಿಂದ ಅಲ್ಲಿ ಬದಲಾವಣೆಗೆ ಸಮಯ ಹಿಡಿಯಬಹುದು. ಆಸ್ಪತ್ರೆಯ ಚೀಟಿ ರಾಜ್ಯದ ಆರೋಗ್ಯ ಇಲಾಖೆಯದು. ಅದಕ್ಕೆ ಒಂದು ಸುತ್ತೋಲೆ ಸಾಕು.